ಮಾತ್ರೆಯ ಜೊತೆಗೆ ತುತ್ತು: ಕ್ಷಯರೋಗಿಯ ಮನೆಯವರಿಗೆ ಕೆಲವು ಮಾತು

(ರೋಗಿಗಳು ಮತ್ತು ಅವರ ಸಂಬಂಧಿಕರಿಗಾಗಿ ಆಸ್ಪತ್ರೆಯಲ್ಲಿ ನಡೆಯುವ ಆರೋಗ್ಯ ಶಿಕ್ಷಣ ಕಾರ್ಯಕ್ರಮದಲ್ಲಿ ನರ್ಸಿಂಗ್ ಶಿಕ್ಷಕಿ ನೀಡಿದ ಉಪನ್ಯಾಸದ ಬರಹರೂಪ)

 

ಇಂದು ನಾನು ಕ್ಷಯರೋಗ, ಅಂದರೆ ಟಿ.ಬಿ. ಬಗ್ಗೆ ಇತ್ತೀಚೆಗೆ ನಡೆದ ಒಂದು ದೊಡ್ಡ ಸಂಶೋಧನೆಯ ವಿಷಯ ಹೇಳಬೇಕೆಂದಿದ್ದೇನೆ. ಸಂಶೋಧನೆ ಎಂದ ಕೂಡಲೇ ಅದು ಓದಿದವರ ಮಾತು, ನಮಗೇಕೆ ಎಂದು ಎದ್ದು ಹೋಗಬೇಡಿ. ಇದು ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆಯ ಮೇಲೆ ನಡೆದ ಸಂಶೋಧನೆ. ಅಡುಗೆ ಮನೆಯ ಜವಾಬ್ದಾರಿ ಹೊತ್ತ ತಾಯಂದಿರು ಇದನ್ನು ಮೊದಲು ತಿಳಿಯಬೇಕು.

ರೋಗಾಣು ಬಂದವರಿಗೆಲ್ಲ ರೋಗ ಬರುವುದಿಲ್ಲ

ಕ್ಷಯ ಬರುವುದು ಒಂದು ಸೂಕ್ಷ್ಮ ರೋಗಾಣುವಿನಿಂದ. ಡಾಕ್ಟರ್ ರಾಬರ್ಟ್ ಕಾಖ್ ಎಂಬ ಜರ್ಮನ್ ವಿಜ್ಞಾನಿ 1882ರ ಮಾರ್ಚ್ 24ರಂದು ಇದನ್ನು ಪ್ರಕಟಿಸಿದರು. ಆ ದಿನವನ್ನೇ ನಾವು ಈಗ ವಿಶ್ವ ಕ್ಷಯರೋಗ ದಿನವೆಂದು ಆಚರಿಸುತ್ತೇವೆ. ಇದು ಪೂರ್ವಜನ್ಮದ ಕರ್ಮವೂ ಅಲ್ಲ, ವಂಶದ ಶಾಪವೂ ಅಲ್ಲ. ಶ್ವಾಸಕೋಶದ ಕ್ಷಯ ಇರುವವರು ಕೆಮ್ಮಿದಾಗ, ಸೀನಿದಾಗ ರೋಗಾಣು ಗಾಳಿಯಲ್ಲಿ ಸೇರಿ ಇನ್ನೊಬ್ಬರ ಉಸಿರಿನ ಮೂಲಕ ಒಳಗೆ ಹೋಗುತ್ತದೆ.

ಒಳಗೆ ಹೋದ ರೋಗಾಣು ಎಲ್ಲರನ್ನೂ ಮಲಗಿಸುವುದಿಲ್ಲ. ನೂರು ಜನರ ದೇಹದಲ್ಲಿ ಅದು ಸೇರಿಕೊಂಡರೆ ಇಡೀ ಜೀವಮಾನದಲ್ಲಿ ರೋಗಿಗಳಾಗುವವರು ಸುಮಾರು ಐದರಿಂದ ಹತ್ತು ಜನ. ಉಳಿದವರಲ್ಲಿ ಅದು ಬೂದಿ ಮುಚ್ಚಿದ ಕೆಂಡದಂತೆ ಇರುತ್ತದೆ. ದೇಹದ ಶಕ್ತಿ ಕುಗ್ಗಿದಾಗ ಆ ಕೆಂಡ ಉರಿಯಾಗುತ್ತದೆ. ಸಕ್ಕರೆ ಕಾಯಿಲೆ, ಎಚ್.ಐ.ವಿ. ಸೋಂಕು, ಕುಡಿತ, ಬೀಡಿ ಸಿಗರೇಟು ಇವೆಲ್ಲ ಶಕ್ತಿ ಕುಗ್ಗಿಸುತ್ತವೆ. ಆದರೆ ನಮ್ಮ ದೇಶದಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣ ಅರೆಹೊಟ್ಟೆ, ಅಂದರೆ ಅಪೌಷ್ಟಿಕತೆ.

ಮದ್ರಾಸಿನಲ್ಲಿ ಕಂಡ ಸತ್ಯ

ಹಿಂದೆ ಕ್ಷಯಕ್ಕೆ ಔಷಧ ಇರಲಿಲ್ಲ. ರೋಗಿಗಳನ್ನು ಊರ ಹೊರಗಿನ ಸ್ಯಾನಟೋರಿಯಂಗಳಲ್ಲಿ ಇಟ್ಟು ಶುದ್ಧ ಗಾಳಿ, ವಿಶ್ರಾಂತಿ, ಒಳ್ಳೆಯ ಊಟ ಕೊಡುತ್ತಿದ್ದರು. ಔಷಧ ಬಂದ ಮೇಲೆ 1956ರಲ್ಲಿ ಮದ್ರಾಸಿನಲ್ಲಿ ಒಂದು ಅಧ್ಯಯನ ಆರಂಭವಾಯಿತು. ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಸ್ಯಾನಟೋರಿಯಂನಲ್ಲಿಟ್ಟರು, ಇನ್ನೊಂದು ಗುಂಪಿಗೆ ಮನೆಯಲ್ಲೇ ಮಾತ್ರೆ ಕೊಟ್ಟರು. ಮನೆಯಲ್ಲಿದ್ದವರದು ಇಕ್ಕಟ್ಟಾದ ಜಾಗ, ಬಡತನದ ಊಟ. ಆದರೂ 1959ರಲ್ಲಿ ಬಂದ ಫಲಿತಾಂಶದ ಪ್ರಕಾರ ಎರಡೂ ಗುಂಪಿನವರು ಹೆಚ್ಚು ಕಡಿಮೆ ಒಂದೇ ರೀತಿ ಗುಣವಾಗಿದ್ದರು. ರೋಗಿ ಮನೆಯಲ್ಲೇ ಇದ್ದರೆಂದು ಮನೆಯ ಉಳಿದವರಿಗೆ ಹೆಚ್ಚಾಗಿ ರೋಗ ಬಂದದ್ದೂ ಇಲ್ಲ.

ಇದರಿಂದ ಲಕ್ಷಾಂತರ ಜನರಿಗೆ ಉಪಕಾರವಾಯಿತು. ಮನೆ ಬಿಡದೆ, ಕೆಲಸ ಬಿಡದೆ ಚಿಕಿತ್ಸೆ ಪಡೆಯುವ ದಾರಿ ತೆರೆಯಿತು. ಆದರೆ ಮಾತ್ರೆಯ ಬಲ ಹೀಗೆ ಗೊತ್ತಾದ ಮೇಲೆ ಊಟದ ಮಾತು ಹಿಂದೆ ಸರಿಯಿತು. ಮಾತ್ರೆ ನುಂಗಿದರೆ ಸಾಕು ಎಂಬ ಭಾವನೆ ಬಂತು. ಊಟದ ಮಾತನ್ನು ಮತ್ತೆ ಮುಂದಕ್ಕೆ ತಂದದ್ದು ಈಗ ನಾನು ಹೇಳುವ ಸಂಶೋಧನೆ.

ಜಾರ್ಖಂಡದ ಅಧ್ಯಯನ

ಇದನ್ನು ಮುನ್ನಡೆಸಿದವರು ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯೂ ಕೈಜೋಡಿಸಿತ್ತು. ನಡೆದ ಸ್ಥಳ ಜಾರ್ಖಂಡ್ ರಾಜ್ಯದ 4 ಜಿಲ್ಲೆಗಳು. 2019ರ ಆಗಸ್ಟ್‌ನಿಂದ 2021ರ ಜನವರಿಯವರೆಗೆ ಶ್ವಾಸಕೋಶದ ಕ್ಷಯ ಇದ್ದ 2800 ರೋಗಿಗಳನ್ನೂ ಅವರ ಮನೆಗಳಲ್ಲಿದ್ದ 10,345 ಜನರನ್ನೂ ಸೇರಿಸಿಕೊಂಡರು. 2022ರ ಜುಲೈವರೆಗೆ ಅವರ ಆರೋಗ್ಯ ಗಮನಿಸಿದರು. ಮನೆಯವರಲ್ಲಿ ಮೂರನೇ ಎರಡು ಭಾಗದಷ್ಟು ಜನ ಸಂಥಾಲ, ಹೋ, ಮುಂಡಾ ಮುಂತಾದ ಆದಿವಾಸಿಗಳು.

ಮೊದಲ ದಿನ ತೂಕ ನೋಡಿದಾಗ ಗಂಡಸು ರೋಗಿಗಳ ಸರಾಸರಿ ತೂಕ 42.6 ಕೆ.ಜಿ., ಹೆಂಗಸರದು 36.1 ಕೆ.ಜಿ. ಬೆಳೆದ ಹೆಣ್ಣುಮಗಳೊಬ್ಬಳು 36 ಕೆ.ಜಿ. ಎಂದರೆ ಏನೆಂದು ತಾಯಂದಿರಿಗೆ ಬೇರೆ ಹೇಳಬೇಕಾಗಿಲ್ಲ. ಮನೆಯ ಉಳಿದವರಲ್ಲೂ ನೂರಕ್ಕೆ 34 ಜನ ಅಪೌಷ್ಟಿಕರಾಗಿದ್ದರು.

ಎಲ್ಲ ರೋಗಿಗಳಿಗೂ ಮಾತ್ರೆಯ ಜೊತೆ 6 ತಿಂಗಳು, ತಿಂಗಳಿಗೆ 10 ಕೆ.ಜಿ.ಯ ಆಹಾರದ ಚೀಲ ಕೊಟ್ಟರು. ಅದರಲ್ಲಿ ಅಕ್ಕಿ, ಬೇಳೆಕಾಳು, ಹಾಲಿನ ಪುಡಿ, ಎಣ್ಣೆ ಇದ್ದವು. ಜೊತೆಗೆ ವಿಟಮಿನ್ ಮಾತ್ರೆ. ಅರ್ಧದಷ್ಟು ಮನೆಗಳಲ್ಲಿ ರೋಗಿಗೆ ಮಾತ್ರವಲ್ಲದೆ ಮನೆಯ ಪ್ರತಿಯೊಬ್ಬ ದೊಡ್ಡವರಿಗೂ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ ಕೊಟ್ಟರು. ಉಳಿದ ಮನೆಗಳವರು ತಮ್ಮ ಎಂದಿನ ಊಟವನ್ನೇ ಮಾಡಿದರು. 2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು.

ಆಹಾರ ಸಿಗದ ಮನೆಗಳ 4724 ಜನರಲ್ಲಿ 122 ಜನರಿಗೆ ಹೊಸದಾಗಿ ಕ್ಷಯ ಬಂದಿತ್ತು. ಆಹಾರ ಸಿಕ್ಕ ಮನೆಗಳ 5621 ಜನರಲ್ಲಿ 96 ಜನರಿಗೆ ಮಾತ್ರ. ಎಲ್ಲ ಲೆಕ್ಕ ಹಾಕಿ ನೋಡಿದಾಗ ಮನೆಯವರಿಗೆ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಗಿತ್ತು. ಇತರರಿಗೆ ಹರಡಬಲ್ಲ, ಕಫ ಪರೀಕ್ಷೆಯಲ್ಲಿ ಖಚಿತವಾಗುವ ಶ್ವಾಸಕೋಶದ ಕ್ಷಯವಂತೂ ಶೇಕಡಾ 48ರಷ್ಟು ಇಳಿದಿತ್ತು. ಸುಮಾರು 30 ಮನೆಗಳಿಗೆ ಹೀಗೆ ಅಕ್ಕಿ ಬೇಳೆ ಕೊಟ್ಟರೆ ಒಬ್ಬರನ್ನು ಕ್ಷಯದಿಂದ ಉಳಿಸಬಹುದು.

ರೋಗಿಗಳ ವಿಷಯದಲ್ಲೂ ಒಂದು ಮುಖ್ಯ ಸಂಗತಿ ಕಂಡಿತು. ಕ್ಷಯದಿಂದಾಗುವ ಸಾವುಗಳಲ್ಲಿ ಹೆಚ್ಚಿನವು ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲೇ ಆಗುತ್ತವೆ. ಈ ಎರಡು ತಿಂಗಳಲ್ಲಿ ಯಾರ ತೂಕ ಶೇಕಡಾ 5ರಷ್ಟು ಏರಿತ್ತೋ ಅವರಲ್ಲಿ ಸಾವಿನ ಅಪಾಯ ಶೇಕಡಾ 61ರಷ್ಟು ಕಡಿಮೆ ಇತ್ತು. 40 ಕೆ.ಜಿ. ತೂಗುವವರಿಗೆ ಶೇಕಡಾ 5 ಎಂದರೆ 2 ಕೆ.ಜಿ. ಈ 2 ಕೆ.ಜಿ.ಯ ಲೆಕ್ಕವನ್ನು ಇಲ್ಲಿ ಕುಳಿತಿರುವ ಪ್ರತಿಯೊಬ್ಬರೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಜಾರ್ಖಂಡದಲ್ಲಿ ಯಾರಿಗೂ ಮಾತ್ರೆ ಬಿಡಿಸಿ ಊಟ ಕೊಡಲಿಲ್ಲ. ರೋಗಾಣುವನ್ನು ಕೊಲ್ಲುವುದು ಮಾತ್ರೆಯೇ. ಊಟ ಮಾತ್ರೆಯ ಜೊತೆಗಾರ.

ಮನೆಯಲ್ಲಿ ನಾವು ಮಾಡಬೇಕಾದದ್ದು

1. ತೂಕ ನೋಡಿಸಿ. ಪ್ರತಿ ಸಲ ಮಾತ್ರೆಗೆ ಬಂದಾಗ ತೂಕ ನೋಡಿಸಿ ಚೀಟಿಯಲ್ಲಿ ಬರೆಸಿಕೊಳ್ಳಿ. ಎರಡು ತಿಂಗಳಾದರೂ ತೂಕ ಏರದಿದ್ದರೆ, ಅಥವಾ ಇಳಿದರೆ, ಸುಮ್ಮನಿರದೆ ಡಾಕ್ಟರಿಗೆ ಹೇಳಿ. ಮಾತ್ರೆಯ ಪ್ರಮಾಣವನ್ನೂ ತೂಕದ ಮೇಲೆಯೇ ನಿರ್ಧರಿಸುತ್ತಾರೆ.

2. ಅನ್ನದ ಜೊತೆ ಕಾಳು ಇರಲಿ. ರೇಷನ್ ಅಕ್ಕಿಯಿಂದ ಹೊಟ್ಟೆ ತುಂಬುತ್ತದೆ, ಆದರೆ ಮೈ ಕಟ್ಟಲು ಪ್ರೋಟೀನ್ ಬೇಕು. ಅದಕ್ಕೆ ಪೇಟೆಯ ದುಬಾರಿ ಡಬ್ಬಿ ಪುಡಿ ಬೇಕಿಲ್ಲ. ತೊಗರಿ, ಹೆಸರು, ಕಡಲೆ, ಅಲಸಂದೆ, ಶೇಂಗಾ, ಪುಟಾಣಿ ನಮ್ಮಲ್ಲೇ ಸಿಗುತ್ತವೆ. ರೊಟ್ಟಿಯ ಜೊತೆ ಝುಣಕ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಇದ್ದರೆ ಅದೇ ಒಳ್ಳೆಯ ಊಟ. ನುಗ್ಗೆ ಸೊಪ್ಪು, ಮೆಂತ್ಯ ಸೊಪ್ಪು ಸೇರಿಸಿ. ಮೊಟ್ಟೆ ತಿನ್ನುವ ರೂಢಿ ಇರುವವರು ತಿನ್ನಬಹುದು.

3. ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ ಕೊಡಿ. ಮೊದಲ ವಾರಗಳಲ್ಲಿ ಬಾಯಿ ರುಚಿ ಇರುವುದಿಲ್ಲ, ಹೊಟ್ಟೆ ತೊಳಸುತ್ತದೆ. ಮೂರು ಹೊತ್ತಿನ ಊಟವನ್ನು ಐದಾರು ಹೊತ್ತು ಮಾಡಿ. ಗಂಜಿ ಕೊಡುವುದಾದರೆ ಅದರಲ್ಲಿ ಹೆಸರುಬೇಳೆ, ಒಂದು ಚಮಚ ಎಣ್ಣೆ ಅಥವಾ ತುಪ್ಪ ಸೇರಿಸಿ. ಎದ್ದು ಕೂರಲೂ ಆಗದಷ್ಟು ಸೊರಗಿದವರಿಗೆ ಮನೆಯಲ್ಲಿ ಒಮ್ಮೆಲೇ ಬಹಳ ತಿನ್ನಿಸಬೇಡಿ. ಅಂಥವರನ್ನು ಆಸ್ಪತ್ರೆಯಲ್ಲಿ ದಾಖಲು ಮಾಡಬೇಕು.

4. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ, ಸಿಹಿ ಹೆಚ್ಚಿಸಬೇಡಿ. ಊಟದ ಪಟ್ಟಿಯನ್ನು ಇಲ್ಲಿಯೇ ಕೇಳಿ ಬರೆಸಿಕೊಳ್ಳಿ.

5. ಮನೆಯ ಎಲ್ಲರನ್ನೂ ತಪಾಸಣೆಗೆ ಕರೆತನ್ನಿ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಇದ್ದವರಿಗೆ ಕಫ ಪರೀಕ್ಷೆ ಆಗಲೇಬೇಕು. ರೋಗ ಇಲ್ಲದವರಿಗೆ ಮುಂದೆ ಬಾರದಂತೆ ತಡೆಯುವ ಮಾತ್ರೆಯೂ ಸರ್ಕಾರದಿಂದ ಉಚಿತವಾಗಿ ಸಿಗುತ್ತದೆ.

6. ಕೊನೆಗೆ ಉಣ್ಣುವವರನ್ನು ನೋಡಿ. ನಮ್ಮ ಮನೆಗಳಲ್ಲಿ ಗಂಡಸರು, ಮಕ್ಕಳು ಉಂಡ ಮೇಲೆ ಅತ್ತೆ, ಆಮೇಲೆ ಸೊಸೆ. ಅಷ್ಟರಲ್ಲಿ ಸಾರಿನ ತಳದಲ್ಲಿ ಬೇಳೆ ಉಳಿದಿರುವುದಿಲ್ಲ. ರೋಗಿಯ ಪಕ್ಕದಲ್ಲಿ ರಾತ್ರಿ ಎಚ್ಚರವಿರುವವಳೂ ಅವಳೇ, ಅರೆಹೊಟ್ಟೆ ಉಣ್ಣುವವಳೂ ಅವಳೇ. ಬೂದಿಯೊಳಗಿನ ಕೆಂಡ ಉರಿಯಾಗುವುದು ಇಂಥ ದೇಹದಲ್ಲಿ. ಯಜಮಾನರಲ್ಲಿ ನನ್ನ ವಿನಂತಿ ಇಷ್ಟೇ: ಬೇಳೆ ಎಲ್ಲರ ತಟ್ಟೆಗೂ ಬಿತ್ತೇ ಎಂದು ನೋಡಿದ ಮೇಲೆ ಕೈ ತೊಳೆಯಿರಿ.

7. ಸೊಸೆಗೆ ರೋಗ ಬಂದರೆ ತವರಿಗೆ ಅಟ್ಟಬೇಡಿ. ಊರು ಬದಲಾದಾಗ ಮಾತ್ರೆ ತಪ್ಪುತ್ತದೆ, ಮನಸ್ಸು ಒಡೆಯುತ್ತದೆ. ಹೋಗಲೇಬೇಕಾದರೆ ಮೊದಲು ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ಊರಿನಲ್ಲಿ ಮಾತ್ರೆ ಸಿಗುವಂತೆ ವರ್ಗಾಯಿಸಿಕೊಳ್ಳಿ.

ಸರ್ಕಾರದ ನೆರವು

ಕ್ಷಯದ ಪರೀಕ್ಷೆ ಮತ್ತು ಮಾತ್ರೆ ಸರ್ಕಾರದಿಂದ ಉಚಿತ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರ ಏಪ್ರಿಲ್‌ನಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರ್ 1ರಿಂದ ಅದು 1000 ರೂಪಾಯಿ ಆಗಿದೆ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆಯ ಪಾಸ್‌ಬುಕ್, ಆಧಾರ್ ಪ್ರತಿ ಕೊಟ್ಟು ಹೆಸರು ನೋಂದಾಯಿಸಿಕೊಳ್ಳಿ. ಬಂದ ಹಣ ಬೇಳೆಗೆ, ಹಾಲಿಗೆ ಹೋಗಲಿ, ಬೇರೆ ಖರ್ಚಿಗೆ ಹೋಗದಿರಲಿ. 2022ರ ಸೆಪ್ಟೆಂಬರ್‌ನಿಂದ ನಿಕ್ಷಯ್ ಮಿತ್ರ ಎಂಬ ವ್ಯವಸ್ಥೆಯೂ ಇದೆ. ಸಂಘ ಸಂಸ್ಥೆಗಳು, ಉಳ್ಳವರು ಒಬ್ಬ ರೋಗಿಯ ಆಹಾರದ ಹೊಣೆ ಹೊರಬಹುದು. ಮಾಹಿತಿಗೆ ಉಚಿತ ದೂರವಾಣಿ 1800-11-6666.

ಸಭಿಕರು ಕೇಳಿದ ಪ್ರಶ್ನೆಗಳು

ರೋಗಿಯ ತಟ್ಟೆ, ಲೋಟ ಬೇರೆ ಇಡಬೇಕೇ?
ಬೇಡ. ಕ್ಷಯ ತಟ್ಟೆಯಿಂದ, ಬಟ್ಟೆಯಿಂದ, ಮುಟ್ಟುವುದರಿಂದ ಹರಡುವುದಿಲ್ಲ. ಎಲ್ಲರ ಪಾತ್ರೆಯಂತೆ ತೊಳೆದರೆ ಸಾಕು. ಕೆಮ್ಮುವಾಗ ಬಾಯಿಗೆ ಬಟ್ಟೆ ಅಥವಾ ಮಾಸ್ಕ್ ಇರಲಿ. ಕಂಡಲ್ಲಿ ಉಗುಳದೆ ಮುಚ್ಚಳವಿರುವ ಡಬ್ಬಿಯಲ್ಲಿ ಉಗುಳಲಿ. ಕಿಟಕಿ ಬಾಗಿಲು ತೆರೆದಿಡಿ, ಬೆಳಕು ಗಾಳಿ ಆಡಲಿ. ಸರಿಯಾಗಿ ಮಾತ್ರೆ ಆರಂಭಿಸಿದ ಕೆಲವು ವಾರಗಳಲ್ಲಿ ಹರಡುವ ಭಯ ಬಹಳ ಕಡಿಮೆಯಾಗುತ್ತದೆ.

ಮೊಸರು, ಬಾಳೆಹಣ್ಣು ಕೊಟ್ಟರೆ ಕಫ ಹೆಚ್ಚುವುದಿಲ್ಲವೇ?
ಕ್ಷಯದ ಕೆಮ್ಮು ರೋಗಾಣುವಿನಿಂದ ಬರುತ್ತದೆ, ಮೊಸರಿನಿಂದಲ್ಲ. ಪಥ್ಯವೆಂದು ಬರೀ ಗಂಜಿ ನೀರು ಕೊಟ್ಟರೆ ತೂಕ ಏರುವುದಾದರೂ ಹೇಗೆ? ರೋಗಿಗೆ ಒಗ್ಗುವುದನ್ನೆಲ್ಲ ಕೊಡಿ. ಸಾರಾಯಿ ಮತ್ತು ತಂಬಾಕು ಮಾತ್ರ ಪೂರ್ತಿ ಬಿಡಬೇಕು.

ಎರಡು ತಿಂಗಳಲ್ಲಿ ಕೆಮ್ಮು ನಿಂತಿದೆ, ಮೈ ತುಂಬಿದೆ. ಮಾತ್ರೆ ನಿಲ್ಲಿಸಬಹುದೇ?
ಖಂಡಿತ ನಿಲ್ಲಿಸಬಾರದು. ಸಾಮಾನ್ಯ ಕ್ಷಯಕ್ಕೆ ಪೂರ್ತಿ 6 ತಿಂಗಳ ಚಿಕಿತ್ಸೆ ಬೇಕು. ನಡುವೆ ಬಿಟ್ಟರೆ ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗಬಹುದು. ಮೂತ್ರ ಕಿತ್ತಳೆ ಬಣ್ಣಕ್ಕೆ ಬಂದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಆದರೆ ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ, ವಾಂತಿ ನಿಲ್ಲದಿದ್ದರೆ ಅಂದೇ ಆಸ್ಪತ್ರೆಗೆ ಬನ್ನಿ.

ಬಂಧುಗಳೇ, ನಮ್ಮ ಶರಣ ಪರಂಪರೆಯಲ್ಲಿ ಕಾಯಕದಷ್ಟೇ ಹಿರಿದು ದಾಸೋಹ. ಮಠದ ಪ್ರಸಾದ ನಿಲಯದಲ್ಲಿ ಯಾರು, ಯಾವ ಕುಲ, ಯಾವ ರೋಗ ಎಂದು ಕೇಳದೆ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುತ್ತಾರೆ. ಆ ಪಂಕ್ತಿ ನಮ್ಮ ನಮ್ಮ ಮನೆಯ ಅಡುಗೆ ಮನೆಯಲ್ಲೂ ನಡೆಯಲಿ. ಕ್ಷಯ ಬಂದವರನ್ನು ಮೂಲೆಯಲ್ಲಿ ಕೂರಿಸದೆ ಜೊತೆಯಲ್ಲಿ ಕೂರಿಸಿಕೊಂಡು ಉಣ್ಣಿ. ಹೊತ್ತಿಗೆ ಮಾತ್ರೆ, ಎಲ್ಲರ ತಟ್ಟೆಗೂ ಕಾಳು, ತಿಂಗಳಿಗೊಮ್ಮೆ ತೂಕ, ಇವು ಮೂರನ್ನು ಬಿಡದೆ ನಡೆಸಿದರೆ ರೋಗಿಯೂ ಏಳುತ್ತಾರೆ, ಮನೆಯೂ ಉಳಿಯುತ್ತದೆ.