ನಾವು ಮರೆತ ರಹೀಂ ಸಾಹೇಬರು



ಗೋಲು ಹೊಡೆದವನ ಹೆಸರು ಎಲ್ಲರ ಬಾಯಲ್ಲಿರುತ್ತದೆ. ಅವನನ್ನು ತಿದ್ದಿ ಬೆಳೆಸಿದ ತರಬೇತುದಾರನ ಹೆಸರು? ಭಾರತದ ಫುಟ್ಬಾಲ್ ತಂಡಕ್ಕೆ 1950ರಿಂದ ಮಾರ್ಗದರ್ಶನ ನೀಡಿದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ವೃತ್ತಿಯಿಂದ ಅವರು ಶಾಲಾ ಅಧ್ಯಾಪಕರು.

1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ರಿಂದ ಮಣಿಸಿ ಚಿನ್ನ ಗೆದ್ದ ತಂಡ ಅವರದು. ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದಲ್ಲಿದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿತು. ರಹೀಂ ಎದೆಗುಂದಲಿಲ್ಲ, ತಂಡವನ್ನು ಮತ್ತೆ ಕಟ್ಟಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿ ಭಾರತ ಸೆಮಿಫೈನಲ್ ಮುಟ್ಟಿತು. ಅದುವರೆಗೆ ಏಷ್ಯಾದ ಯಾವ ದೇಶವೂ ಅಲ್ಲಿಗೆ ತಲುಪಿರಲಿಲ್ಲ.

1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಅವರನ್ನು ಕ್ಯಾನ್ಸರ್ ಬಾಧಿಸುತ್ತಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು ಸೋಲು. ಆಮೇಲೆ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್‌ರ ತಲೆಗೆ ಪೆಟ್ಟು ಬಿತ್ತು. ರಹೀಂ ಅವರನ್ನು ಕೈಬಿಡದೆ ಮುಂಪಡೆಯಲ್ಲಿ ಆಡಿಸಿದರು. ಫೈನಲ್‌ನಲ್ಲಿ ಅದೇ ಕೊರಿಯಾ ವಿರುದ್ಧ 2-1ರ ಗೆಲುವು. ಒಂದು ಗೋಲು ಜರ್ನೈಲರದೇ! ಮರುವರ್ಷ ಜೂನ್‌ನಲ್ಲಿ ರಹೀಂ ತೀರಿಕೊಂಡರು. ಆ ಚಿನ್ನ ನಮಗೆ ಮತ್ತೆ ಸಿಕ್ಕಿಲ್ಲ.

2024ರಲ್ಲಿ ಹಿಂದಿಯ 'ಮೈದಾನ್' ಚಿತ್ರ ಬಂದ ಮೇಲೆ ಅನೇಕರಿಗೆ ಅವರ ಪರಿಚಯವಾಯಿತು, ಅರವತ್ತು ವರ್ಷ ತಡವಾಗಿ. ವಿದ್ಯಾರ್ಥಿಗಳೇ, ನಾಳೆ ನಿಮ್ಮ ಕೈಗೆ ಬಹುಮಾನ ಬಂದಾಗ ಕಲಿಸಿದವರ ಹೆಸರನ್ನೂ ಹೇಳಿ. ಅವರು ಬದುಕಿರುವಾಗಲೇ ಹೇಳಿ.