ಬಾಚಣಿಗೆಯಿಂದ ಬರಸಿಡಿಲಿನವರೆಗೆ

(ಶಾಲಾ ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ನಿಂತ ವಸ್ತು ಚಲಿಸಬೇಕಾದರೆ, ಚಲಿಸುತ್ತಿರುವ ವಸ್ತು ತನ್ನ ವೇಗವನ್ನೋ ದಿಕ್ಕನ್ನೋ ಬದಲಿಸಬೇಕಾದರೆ ಅದರ ಮೇಲೆ ಬಲವೊಂದರ ಪ್ರಯೋಗವಾಗಲೇಬೇಕು. ಎತ್ತು ನೊಗಕ್ಕೆ ಹೆಗಲು ಕೊಟ್ಟಾಗ ಗಾಡಿ ಮುಂದೆ ಸಾಗುತ್ತದೆ. ಇಲ್ಲಿ ಬಲವು ತಾಗುವ ಸ್ಥಳ ಕಣ್ಣಿಗೆ ಕಾಣುತ್ತದೆ. ಆದರೆ ಮುಟ್ಟದೆಯೇ ಕೆಲಸ ಮಾಡುವ ಬಲಗಳೂ ಉಂಟು. ತೊಟ್ಟು ಕಳಚಿದ ಮಾವಿನಕಾಯಿಯನ್ನು ನೆಲಕ್ಕೆ ಸೆಳೆಯುವುದು ಗುರುತ್ವ ಬಲ. ದಿಕ್ಸೂಚಿಯ ಮುಳ್ಳನ್ನು ಉತ್ತರ-ದಕ್ಷಿಣವಾಗಿ ನಿಲ್ಲಿಸುವುದು ಕಾಂತ ಬಲ. ಒಣ ಕೂದಲನ್ನು ಬಾಚಿದ ಪ್ಲಾಸ್ಟಿಕ್ ಬಾಚಣಿಗೆಯತ್ತ ಕಾಗದದ ಚೂರುಗಳು ಹಾರಿ ಬರುವಂತೆ ಮಾಡುವುದು ಸ್ಥಾಯಿ ವಿದ್ಯುತ್ತಿನ ಬಲ.

ಈ ಮೂರನೆಯ ಬಲವನ್ನು ಕೇವಲ ಮಕ್ಕಳ ಆಟವೆಂದು ತಿಳಿಯುವಂತಿಲ್ಲ. ಆಕಾಶದಲ್ಲಿ ಇದೇ ಬಲವು ಸಿಡಿಲಾಗಿ ಎರಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಕಾರ್ಯಾಲಯದ ಅಂಕಿ-ಅಂಶಗಳ ಪ್ರಕಾರ 2022ರಲ್ಲಿ ಭಾರತದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಹೊಲಗದ್ದೆಗಳಲ್ಲಿ ದುಡಿಯುವವರು, ದನ-ಕುರಿ ಕಾಯುವವರು, ಮಳೆಗೆ ಅಂಜಿ ಮರದ ಕೆಳಗೆ ನಿಂತವರು ಇಂತಹ ಸಾವಿಗೆ ಹೆಚ್ಚಾಗಿ ಈಡಾಗುತ್ತಾರೆ. ಈ ಬಲದ ಸ್ವಭಾವವನ್ನು ಅರಿತರೆ ಇಂತಹ ಅನೇಕ ಸಾವುಗಳನ್ನು ತಪ್ಪಿಸಬಹುದು.

ಉಜ್ಜಿದಾಗ ಆಗುವುದೇನು?

ಸಸ್ಯಜನ್ಯ ರಾಳವು ಗಟ್ಟಿಯಾಗಿ ರೂಪುಗೊಂಡ ಅಂಬರನ್ನು ಉಜ್ಜಿದರೆ ಅದು ಹಗುರ ವಸ್ತುಗಳನ್ನು ಸೆಳೆಯುತ್ತದೆಂಬುದು ಪ್ರಾಚೀನ ಗ್ರೀಕರಿಗೆ ತಿಳಿದಿತ್ತು. ಅಂಬರಿಗೆ ಅವರು ಬಳಸುತ್ತಿದ್ದ ಹೆಸರಿನಿಂದಲೇ 'ಎಲೆಕ್ಟ್ರಾನ್' ಎಂಬ ಪದ ಬಂದಿದೆ. 1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಕಾಂತದ ಸೆಳೆತವೇ ಬೇರೆ, ಅಂಬರಿನ ಸೆಳೆತವೇ ಬೇರೆ ಎಂದು ವಿಂಗಡಿಸಿ ತೋರಿಸಿದನು. ಸಾಮಾನ್ಯ ಕಾಂತವು ಕಬ್ಬಿಣ, ನಿಕ್ಕಲ್, ಕೋಬಾಲ್ಟ್‌ನಂತಹ ಕೆಲವೇ ಲೋಹಗಳನ್ನು ಸೆಳೆಯುತ್ತದೆ. ಉಜ್ಜಿದ ಬಾಚಣಿಗೆಯಾದರೋ ಕಾಗದ, ಹೊಟ್ಟು, ದಾರದ ಎಳೆ ಯಾವುದನ್ನೂ ಬಿಡುವುದಿಲ್ಲ.

ಪ್ರತಿಯೊಂದು ವಸ್ತುವೂ ಪರಮಾಣುಗಳಿಂದಾಗಿದೆ. ಪರಮಾಣುವಿನ ನಡುವೆ ಧನ ಆವೇಶವುಳ್ಳ ಬೀಜಕೇಂದ್ರ. ಅದರ ಸುತ್ತ ಋಣ ಆವೇಶವುಳ್ಳ ಎಲೆಕ್ಟ್ರಾನುಗಳು. ಎರಡೂ ಸಮಸಮವಾಗಿರುವುದರಿಂದ ವಸ್ತುವು ಸಾಮಾನ್ಯವಾಗಿ ತಟಸ್ಥವಾಗಿರುತ್ತದೆ. ಎರಡು ವಸ್ತುಗಳನ್ನು ಉಜ್ಜಿದಾಗ ಒಂದರ ಎಲೆಕ್ಟ್ರಾನುಗಳು ಕೆಲವು ಇನ್ನೊಂದಕ್ಕೆ ವರ್ಗಾವಣೆಯಾಗುತ್ತವೆ. ಪಡೆದುಕೊಂಡದ್ದು ಋಣ ಆವೇಶವನ್ನೂ ಕಳೆದುಕೊಂಡದ್ದು ಧನ ಆವೇಶವನ್ನೂ ತಾಳುತ್ತದೆ. ಉಜ್ಜುವಿಕೆಯಿಂದ ವಿದ್ಯುತ್ತು ಹೊಸದಾಗಿ ಹುಟ್ಟುವುದಿಲ್ಲ. ಇದ್ದುದು ಸ್ಥಳ ಬದಲಿಸುತ್ತದೆ, ಅಷ್ಟೆ.

ಸಜಾತೀಯ ಆವೇಶಗಳು ವಿಕರ್ಷಿಸುತ್ತವೆ, ವಿಜಾತೀಯ ಆವೇಶಗಳು ಆಕರ್ಷಿಸುತ್ತವೆ. ಊದಿದ ಎರಡು ಬಲೂನುಗಳನ್ನು ಉಣ್ಣೆಯ ಬಟ್ಟೆಗೆ ಉಜ್ಜಿ, ಅಕ್ಕಪಕ್ಕದಲ್ಲಿ ದಾರದಿಂದ ತೂಗುಬಿಟ್ಟರೆ ಅವು ಒಂದನ್ನೊಂದು ದೂಡಿ ನಿಲ್ಲುತ್ತವೆ. 1785ರಲ್ಲಿ ಫ್ರಾನ್ಸಿನ ಕುಲಂಬ್ ಈ ಬಲವನ್ನು ಅಳೆದು ನಿಯಮವನ್ನು ಪ್ರಕಟಿಸಿದನು: ಆವೇಶಗಳ ನಡುವಣ ಅಂತರ ಇಮ್ಮಡಿಯಾದರೆ ಬಲವು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಅಂತರ ಅರ್ಧವಾದರೆ ಬಲವು ನಾಲ್ಕು ಪಟ್ಟಾಗುತ್ತದೆ. ಬಾಚಣಿಗೆಯನ್ನು ತೀರ ಹತ್ತಿರ ತಂದಾಗಲೇ ಕಾಗದದ ಚೂರು ಜಿಗಿಯುವುದು ಇದರಿಂದಲೇ.

ಇಲ್ಲಿ ಗಮನಿಸಬೇಕಾದ ಸೋಜಿಗವೊಂದಿದೆ. ಕಾಗದದ ಚೂರನ್ನು ಕೆಳಕ್ಕೆ ಎಳೆಯುತ್ತಿರುವುದು ಇಡೀ ಭೂಮಂಡಲ. ಮೇಲಕ್ಕೆ ಎಳೆಯುತ್ತಿರುವುದು ಗೇಣುದ್ದದ ಬಾಚಣಿಗೆ. ಆದರೂ ಗೆಲ್ಲುವುದು ಬಾಚಣಿಗೆಯೇ! ಗುರುತ್ವಕ್ಕಿಂತ ವಿದ್ಯುತ್ ಬಲವು ಎಷ್ಟು ಪ್ರಬಲವೆಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಬೇಕಿಲ್ಲ.

ಊರಿಗೊಂದು ಹವೆ, ಹವೆಗೊಂದು ಫಲಿತಾಂಶ

ಮುಂಬಯಿಯ ಮಳೆಗಾಲದಲ್ಲಿ ಅಥವಾ ಚೆನ್ನೈನ ಕಡಲತಡಿಯಲ್ಲಿ ಈ ಪ್ರಯೋಗ ಮಾಡುವ ವಿದ್ಯಾರ್ಥಿಗೆ ನಿರಾಸೆಯಾಗಬಹುದು. ಗಾಳಿಯ ತೇವಾಂಶವು ವಸ್ತುಗಳ ಮೇಲೆ ತೆಳುವಾದ ನೀರಿನ ಪದರವಾಗಿ ಕೂಡುತ್ತದೆ; ಸಂಚಯವಾದ ಆವೇಶವು ಅದರ ಮೂಲಕ ಸೋರಿಹೋಗುತ್ತದೆ. ದೆಹಲಿಯ ಚಳಿಗಾಲದ ಒಣ ಹವೆಯಲ್ಲಾದರೆ ಸ್ವೆಟರ್ ಕಳಚುವಾಗ ಚಟಚಟ ಸದ್ದು ಕೇಳುತ್ತದೆ, ಕತ್ತಲಿನಲ್ಲಿ ಕಿಡಿಗಳೂ ಕಾಣುತ್ತವೆ. ಬಾಗಿಲಿನ ಲೋಹದ ಹಿಡಿಯನ್ನು ಮುಟ್ಟಿದಾಗ ಬೆರಳಿಗೆ ಚುಚ್ಚಿದಂತಾಗುತ್ತದೆ. ಈ ಕಿಡಿಯ ವೋಲ್ಟೇಜು ಸಾವಿರಾರು ವೋಲ್ಟುಗಳಷ್ಟಿದ್ದರೂ ಹರಿಯುವ ಆವೇಶವು ಅತ್ಯಲ್ಪವಾದ್ದರಿಂದ ದೇಹಕ್ಕೆ ಹಾನಿಯಿಲ್ಲ. ಆದರೆ ಪೆಟ್ರೋಲಿನ ಆವಿಯಿರುವ ಕಡೆ ಇಂತಹ ಕಿಡಿಯೇ ಬೆಂಕಿಗೆ ಕಾರಣವಾಗಬಲ್ಲದು. ಟ್ಯಾಂಕರಿನಿಂದ ಇಂಧನ ಇಳಿಸುವ ಮುನ್ನ ವಾಹನಕ್ಕೆ ತಂತಿಯ ಮೂಲಕ ಭೂಸಂಪರ್ಕ ಕಲ್ಪಿಸುವುದು ಈ ಕಾರಣಕ್ಕೆ.

ಮುಗಿಲಿನಲ್ಲಿ ನಡೆಯುವ ಘರ್ಷಣೆ

ಕನ್ನಡದಲ್ಲಿ ಮಿಂಚು, ಗುಡುಗು, ಸಿಡಿಲು ಎಂಬ ಮೂರು ಪ್ರತ್ಯೇಕ ಪದಗಳಿವೆ. ಕಣ್ಣಿಗೆ ಕಾಣುವ ಬೆಳಕು ಮಿಂಚು, ಕಿವಿಗೆ ಕೇಳುವ ಸದ್ದು ಗುಡುಗು, ನೆಲಕ್ಕೆ ಎರಗುವ ಹೊಡೆತ ಸಿಡಿಲು. ವಿಜ್ಞಾನದ ದೃಷ್ಟಿಯಲ್ಲಿ ಮೂರೂ ಒಂದೇ ವಿದ್ಯುತ್ ವಿಸರ್ಜನೆಯ ಮುಖಗಳು.

ಬೇಸಗೆಯ ಕಡೆಯ ದಿನಗಳಲ್ಲಿ ಕಾದ ನೆಲದಿಂದ ತೇವಭರಿತ ಗಾಳಿಯು ರಭಸವಾಗಿ ಮೇಲೇರಿ, ಹತ್ತು ಕಿಲೋಮೀಟರಿಗೂ ಮಿಗಿಲಾದ ಎತ್ತರದ ಕಾರ್ಮುಗಿಲು ರೂಪುಗೊಳ್ಳುತ್ತದೆ. ಅದರೊಳಗೆ ಹಗುರವಾದ ಹಿಮಹರಳುಗಳೂ ಭಾರವಾದ ಮೆದು ಆಲಿಕಲ್ಲುಗಳೂ ಪರಸ್ಪರ ಡಿಕ್ಕಿ ಹೊಡೆಯುತ್ತವೆ. ಧನ ಆವೇಶ ತಾಳಿದ ಹರಳುಗಳು ಗಾಳಿಯೊಡನೆ ಮೇಲಕ್ಕೆ ಸಾಗುತ್ತವೆ. ಋಣ ಆವೇಶ ತಾಳಿದ ಭಾರದ ಕಣಗಳು ಕೆಳಭಾಗದಲ್ಲಿ ಉಳಿಯುತ್ತವೆ. ಮೋಡದ ತಳದ ಋಣ ಆವೇಶವು ಕೆಳಗಿನ ನೆಲದ ಎಲೆಕ್ಟ್ರಾನುಗಳನ್ನು ದೂರ ಸರಿಸುವುದರಿಂದ ನೆಲದ ಮೇಲ್ಮೈ ಧನ ಆವೇಶ ಪಡೆಯುತ್ತದೆ. ಇದಕ್ಕೆ ಪ್ರೇರಣೆ ಎಂದು ಹೆಸರು.

ಗಾಳಿಯು ಅವಾಹಕ. ಆದರೆ ಒತ್ತಡ ಮಿತಿಮೀರಿದಾಗ ಅದು ತಡೆದು ನಿಲ್ಲಿಸಲಾರದು. ಮೋಡದಿಂದ ಕವಲೊಡೆದ ಹಾದಿಯೊಂದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ನೆಲದ ಎತ್ತರದ ವಸ್ತುಗಳಿಂದ ಕಿರು ಹಾದಿಗಳು ಮೇಲೇಳುತ್ತವೆ. ಎರಡೂ ಕೂಡಿದ ಕ್ಷಣದಲ್ಲಿ ಸುಮಾರು 30,000 ಆಂಪೇರುಗಳಷ್ಟು ಪ್ರವಾಹ ಹರಿದು, ಹಾದಿಯ ಗಾಳಿಯು ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಇದು ಸೂರ್ಯನ ಮೇಲ್ಮೈ ಉಷ್ಣತೆಯ ಐದು ಪಟ್ಟು. ಕಾದ ಗಾಳಿಯು ಸ್ಫೋಟದಂತೆ ಹಿಗ್ಗಿದಾಗ ಏಳುವ ಸದ್ದೇ ಗುಡುಗು.

ಮಿಂಚು ವಿದ್ಯುತ್ತೆಂಬುದನ್ನು ಪರೀಕ್ಷಿಸುವ ಮಾರ್ಗವನ್ನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದನು. 1752ರಲ್ಲಿ ಫ್ರಾನ್ಸಿನಲ್ಲಿ ಅದು ಸಿದ್ಧವಾಯಿತು. ಮರುವರ್ಷ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅಂತಹುದೇ ಪ್ರಯೋಗಕ್ಕೆ ತೊಡಗಿದ್ದ ವಿಜ್ಞಾನಿ ರಿಚ್‌ಮನ್ ಸಿಡಿಲು ಬಡಿದು ಮೃತಪಟ್ಟನು. ಗಾಳಿಪಟ ಹಾರಿಸಿ ಮಿಂಚನ್ನು ಹಿಡಿಯುವ ಸಾಹಸಕ್ಕೆ ಯಾವ ವಿದ್ಯಾರ್ಥಿಯೂ ಕೈಹಾಕಬಾರದು. ಫ್ರಾಂಕ್ಲಿನ್‌ನಿಂದ ಲೋಕಕ್ಕೆ ದೊರೆತ ಉಪಕಾರವೆಂದರೆ ಮಿಂಚುವಾಹಕ. ಕಟ್ಟಡದ ನೆತ್ತಿಯ ಲೋಹದ ಸಲಾಕೆಯನ್ನು ದಪ್ಪ ತಂತಿಯಿಂದ ಭೂಮಿಗೆ ಜೋಡಿಸಿದರೆ ಸಿಡಿಲಿನ ಪ್ರವಾಹವು ಗೋಡೆಯನ್ನು ಸೀಳದೆ ನೆಲಕ್ಕೆ ಇಳಿಯುತ್ತದೆ.

ಪ್ರಾಣರಕ್ಷಣೆಯ ಲೆಕ್ಕ

ಗುಡುಗಿದಾಗ ಅರ್ಜುನನ ಹೆಸರುಗಳನ್ನು ಹೇಳುವಂತೆ ಮನೆಯ ಹಿರಿಯರು ಮಕ್ಕಳಿಗೆ ಕಲಿಸುವುದುಂಟು. ಮಕ್ಕಳ ಭಯ ಕಳೆಯಲು ಅದು ಒಳ್ಳೆಯದೇ. ಅದರೊಡನೆ ಎಣಿಕೆಯೊಂದನ್ನೂ ಕಲಿಸಬೇಕು. ಬೆಳಕು ತತ್‌ಕ್ಷಣ ಕಾಣುತ್ತದೆ. ಸದ್ದು ಒಂದು ಕಿಲೋಮೀಟರು ಕ್ರಮಿಸಲು ಸುಮಾರು ಮೂರು ಸೆಕೆಂಡು ಬೇಕು. ಮಿಂಚು ಕಂಡು ಒಂಬತ್ತು ಎಣಿಸುವಷ್ಟರಲ್ಲಿ ಗುಡುಗು ಕೇಳಿದರೆ ಸಿಡಿಲು ಮೂರು ಕಿಲೋಮೀಟರು ದೂರದಲ್ಲಿದೆ. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಕೂಡಲೇ ಪಕ್ಕಾ ಕಟ್ಟಡದೊಳಗೆ ಸೇರಬೇಕು; ಕೊನೆಯ ಗುಡುಗು ಕೇಳಿದ ಮೂವತ್ತು ನಿಮಿಷಗಳವರೆಗೆ ಹೊರಬರಬಾರದು.

ಮರದ ಆಸರೆ ಅತ್ಯಂತ ಅಪಾಯಕರ. ಮರಕ್ಕೆ ಎರಗಿದ ಸಿಡಿಲು ಪಕ್ಕದ ಮನುಷ್ಯನಿಗೆ ಜಿಗಿಯಬಹುದು. ಬೇರಿನ ಸುತ್ತಲ ನೆಲದಲ್ಲಿ ಹರಡಿ ಕಾಲುಗಳ ಮೂಲಕವೂ ಹರಿಯಬಹುದು. ಕೆರೆ, ಈಜುಕೊಳ, ಸಮುದ್ರತೀರ, ತೆರೆದ ಮಾಳಿಗೆಗಳಿಂದ ದೂರವಿರಬೇಕು. ಬಯಲಿನಲ್ಲಿ ಬೇರೆ ಆಸರೆಯೇ ಇಲ್ಲದಿದ್ದರೆ ಪಾದಗಳನ್ನು ಜೋಡಿಸಿ, ತಲೆ ತಗ್ಗಿಸಿ ಕುಕ್ಕರಗಾಲಿನಲ್ಲಿ ಕೂರಬೇಕು. ನೆಲದ ಮೇಲೆ ಮಲಗಬಾರದು. ಗಾಜು ಏರಿಸಿದ ಕಾರು ಸುರಕ್ಷಿತ. ಕಾಪಾಡುವುದು ರಬ್ಬರ್ ಚಕ್ರವಲ್ಲ, ಪ್ರವಾಹವನ್ನು ಹೊರಮೈಯಲ್ಲೇ ಸಾಗಿಸುವ ಲೋಹದ ಕವಚ. ಮನೆಯೊಳಗಿದ್ದಾಗ ಸ್ನಾನ, ತಂತಿಯ ದೂರವಾಣಿ, ವಿದ್ಯುತ್ ಉಪಕರಣಗಳ ಸ್ಪರ್ಶ ಬೇಡ.

ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುತ್ತದೆಂದು ಮುಟ್ಟಲು ಹಿಂಜರಿಯುವುದು ತಪ್ಪು. ಅವರನ್ನು ಸಗಣಿಯಲ್ಲಿ ಹೂತಿಡುವ ಕೆಲವೆಡೆಯ ರೂಢಿಯಿಂದ ಅಮೂಲ್ಯ ನಿಮಿಷಗಳು ಹಾಳಾಗುತ್ತವೆ. ಸಿಡಿಲು ಮೊದಲು ನಿಲ್ಲಿಸುವುದು ಹೃದಯದ ಬಡಿತವನ್ನು ಮತ್ತು ಉಸಿರನ್ನು. ಉಸಿರಾಟವಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತ, 112 ಸಂಖ್ಯೆಗೆ ಕರೆ ಮಾಡಿ ನೆರವು ಪಡೆಯಬೇಕು.

ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯು ರೂಪಿಸಿರುವ 'ದಾಮಿನಿ' ಎಂಬ ಮೊಬೈಲ್ ತಂತ್ರಾಂಶವು ಸಮೀಪದ ಮಿಂಚಿನ ಮುನ್ನೆಚ್ಚರಿಕೆ ನೀಡುತ್ತದೆ. ಕರ್ನಾಟಕದಲ್ಲಿ ಇದೇ ಉದ್ದೇಶಕ್ಕೆ 'ಸಿಡಿಲು' ಎಂಬ ತಂತ್ರಾಂಶವಿದೆ. ನಗರದಲ್ಲಿ ಓದುತ್ತಿರುವ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋಗುವುದು ಬಹುತೇಕ ಏಪ್ರಿಲ್-ಮೇ ತಿಂಗಳುಗಳಲ್ಲಿ. ಮುಂಗಾರಿಗೆ ಮೊದಲಿನ ಗುಡುಗು-ಮಳೆ ಸುರಿಯುವುದೂ ಆಗಲೇ. ಹೊಲದಲ್ಲಿ ದುಡಿಯುವ ಅಜ್ಜ-ಅಜ್ಜಿ, ಚಿಕ್ಕಪ್ಪ-ಚಿಕ್ಕಮ್ಮಂದಿರಿಗೆ ಮೂವತ್ತರ ಎಣಿಕೆಯನ್ನು ಕಲಿಸಿಕೊಟ್ಟು ಬಂದರೆ ತರಗತಿಯ ಪಾಠವು ಸಾರ್ಥಕವಾದಂತೆ.