ನಡಿಗೆಯ ತಾಳ ಎಲ್ಲಿದೆ?

ಸಾಫ್ಟ್‌ವೇರ್‌ನವಳಿಗೆ ನಡಿಗೆಯ ಬಗ್ಗೆ ಏನು ಗೊತ್ತು ಅಂತ ನೀವು ಕೇಳಬಹುದು. ಎಂಟೆಕ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದುವಾಗ ಹತ್ತಿದ ಹುಚ್ಚು ಇದು.

ಬಲಗಾಲು ಮುಂದಿಟ್ಟಾಗ ಎಡಗೈ ತಾನಾಗಿ ಮುಂದೆ ಬರುತ್ತದೆ. ಪ್ರತಿ ಹೆಜ್ಜೆಗೂ ಮೆದುಳೇ ಅಪ್ಪಣೆ ಕೊಡುತ್ತದೆ ಅಂದುಕೊಳ್ಳುವುದು ಸಹಜ. ಆದರೆ 1911ರಲ್ಲಿ ಬ್ರಿಟನ್ನಿನ ಥಾಮಸ್ ಗ್ರಹಾಂ ಬ್ರೌನ್ ಬೇರೆಯದನ್ನೇ ಕಂಡರು. ಬೆಕ್ಕಿನ ಬೆನ್ನುಹುರಿಗೆ ಮೆದುಳಿನ ಸಂಪರ್ಕ ತಪ್ಪಿಸಿ, ಕಾಲಿನಿಂದ ಬರುವ ಸಂವೇದನೆಯನ್ನೂ ಕಡಿದರು. (ಕೇಳಲು ಕಷ್ಟ, ನನಗೂ.) ಆಗಲೂ ಕಾಲನ್ನು ಮಡಚುವ, ಚಾಚುವ ಸ್ನಾಯುಗಳು ಸರದಿಯಂತೆ ಬಿಗಿಯುತ್ತಿದ್ದವು. ತಾಳ ಬೆನ್ನುಹುರಿಯಲ್ಲೇ ಇತ್ತು. ಒಂದು ಗುಂಪಿನ ನರಕೋಶಗಳು ದುಡಿಯುವಾಗ ಇನ್ನೊಂದನ್ನು ತಡೆಯುತ್ತವೆ, ದಣಿದಾಗ ಸರದಿ ಬದಲಾಗುತ್ತದೆ ಎಂಬುದು ಅವರ ವಿವರಣೆ. ಊರಲ್ಲಿ ಒಂದೇ ಒರಳಿಗೆ ಇಬ್ಬರು ಒನಕೆ ಹಾಕುತ್ತಿದ್ದರಲ್ಲ, ಹಾಗೆ.

1966ರಲ್ಲಿ ಮಾಸ್ಕೋದ ವಿಜ್ಞಾನಿಗಳು ಬೆಕ್ಕಿನ ನಡುಮೆದುಳಿನ ಒಂದು ಜಾಗಕ್ಕೆ ವಿದ್ಯುತ್ ಕೊಟ್ಟಾಗ ಅದು ಟ್ರೆಡ್‌ಮಿಲ್ ಮೇಲೆ ನಡೆಯಿತು. ವಿದ್ಯುತ್ ಹೆಚ್ಚಿಸಿದಾಗ ಓಡಿತು. ನಮ್ಮ ಆಫೀಸಿನ ಭಾಷೆಯಲ್ಲಿ, ಮೇಲಿನಿಂದ ಒಂದೇ ಕಮಾಂಡ್. ನಾಲ್ಕು ಕಾಲಿನ ಲೆಕ್ಕಾಚಾರವೆಲ್ಲ ಕೆಳಗೆ.

ಎರಡೇ ಕಾಲಿನ ನಮಗೆ ಬೀಳದೆ ನಿಲ್ಲಲು ಮೆದುಳಿನ ನೆರವು ಬೆಕ್ಕಿಗಿಂತ ಹೆಚ್ಚು ಬೇಕು. ವಯಸ್ಸಾಗಿ ಕಣ್ಣು ಮಂಜಾದಾಗ, ಪಾದದ ಸ್ಪರ್ಶ ಕುಂದಿದಾಗ ಇನ್ನೂ ಹೆಚ್ಚು. ಆಗ ಮಾತಿಗೆ ಗಮನ ಉಳಿಯುವುದಿಲ್ಲ. ಸ್ವೀಡನ್ನಿನಲ್ಲಿ 58 ಹಿರಿಯರ ಜೊತೆ ನಡೆಯುತ್ತಾ ಅವರನ್ನು ಮಾತಿಗೆಳೆದರು. ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಮಾತಾಡಲು ನಿಂತವರು 12 ಜನ. ಮುಂದಿನ ಆರು ತಿಂಗಳಲ್ಲಿ ಅವರಲ್ಲಿ 10 ಮಂದಿ ಬಿದ್ದರು.

ಇದನ್ನು ಓದಿದ ಮೇಲೆ ನಮ್ಮ ಅತ್ತೆಯವರನ್ನು ಗಮನಿಸತೊಡಗಿದೆ. "ಅತ್ತೆ, ಉಪ್ಪಿನಕಾಯಿ ಭರಣಿ ಎಲ್ಲಿಟ್ರಿ?" ಅಂದರೆ ನಿಲ್ಲುತ್ತಾರೆ, ಗೋಡೆ ಹಿಡಿಯುತ್ತಾರೆ, ಆಮೇಲೆ ಉತ್ತರ. ಡಾಕ್ಟರಿಗೆ ತೋರಿಸಿದೆವು. ಈಗ ಫಿಸಿಯೋಥೆರಪಿ ನಡೆದಿದೆ, ಬಚ್ಚಲಲ್ಲಿ ಹಿಡಿಕೆ ಬಂದಿದೆ. ಅವರು ನಡೆಯುವಾಗ ಯಾರೂ ಹಿಂದಿನಿಂದ ಕೂಗಿ ಕೇಳುವಂತಿಲ್ಲ. ಆರು ವರ್ಷದ ಮಗನಿಗೆ ಈ ನಿಯಮ ಬಹಳ ಕಷ್ಟ!

ಕೈ ಬೀಸುವ ಮಾತು ಮೊದಲೇ ಬಂತಲ್ಲ. ಮನೆಯಲ್ಲಿ ಹಿರಿಯರು ನಡೆಯುವಾಗ ಒಂದು ಕೈ ಬೀಸುವುದು ಮಾತ್ರ ಕಡಿಮೆಯಾಗುತ್ತಿದ್ದರೆ ನರರೋಗ ತಜ್ಞರಿಗೆ ತೋರಿಸಿ. ಭುಜದ ನೋವಿಗೂ ಹಾಗಾಗುತ್ತದೆ, ಹೆದರಬೇಡಿ. ಆದರೆ ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೆಲವರಿಗೆ ಕೈ ನಡುಗುವ ಮೊದಲೇ ಇದು ಕಾಣಿಸಿಕೊಳ್ಳುತ್ತದೆ.